ನಲವತ್ತು ಹೆಜ್ಜೆ

ಗಾಡಿ ಓರೆಯಾಗಿದೆಯೇ ಎಂದು ತೋರಿಸುವ ರಸಮಟ್ಟದ ಗುಳ್ಳೆ ನಡುವಿಗೆ ಬಂದು ನಿಂತು ಹತ್ತು ನಿಮಿಷವಾಗಿದ್ದರೂ ಅವನು ಕ್ಯಾರವಾನಿನ ಗಾಲಿಯ ಪಕ್ಕದಿಂದ ಎದ್ದಿರಲಿಲ್ಲ. ಕುಕ್ಕರುಗಾಲಲ್ಲಿ ಕೂತು ಕೂತು ಕಾಲು ಜೋಮು ಹಿಡಿದಿತ್ತು. ಗಾಲಿಯ ಕೆಳಗೆ ಹಲಗೆ ಕೊಟ್ಟು ಗಾಡಿಯನ್ನು ಮಟ್ಟ ಮಾಡದಿದ್ದರೆ ಒಳಗೆ ಮಲಗಿದವರು ಬೆಳಗಾಗುವುದರೊಳಗೆ ಒಬ್ಬರ ಮೇಲೊಬ್ಬರು ಉರುಳಿರುತ್ತಾರೆ ಎಂದು ತನ್ನ ಪುಸ್ತಕದ ಮುನ್ನುಡಿಯಲ್ಲಿ ಬರೆದವನು ಅವನೇ. ಆ ಮಾತು ನಿಜ. ಉರುಳಿ ನೋಡಿಯೇ ಬರೆದದ್ದು. ಈಗ ಹಲಗೆ ಸರಿಯಾಗಿ ಕೂತಿತ್ತು, ಗಾಡಿ ಮಟ್ಟವಾಗಿತ್ತು. ಎದ್ದು ನಿಂತರೆ ಯಾರಾದರೂ ಏನಾದರೂ ಕೇಳುತ್ತಾರೆ ಎಂಬ ಭಯಕ್ಕೆ ಹಲಗೆಯಂಚಿನ ಮಣ್ಣನ್ನು ಬೆರಳಿನಿಂದ ಕೆರೆಯುತ್ತ ಕೂತಿದ್ದ, ಅಷ್ಟೆ. ಸುತ್ತ ಎತ್ತರದ ಮರಗಳು. ಅವುಗಳ ಸಂದಿಯಲ್ಲಿ ಸರೋವರದ ನೀರು ತುಂಡು ತುಂಡಾಗಿ ಹೊಳೆಯುತ್ತಿತ್ತು. ಅವನು ಅದಕ್ಕೆ ಬೆನ್ನು ಮಾಡಿಕೊಂಡಿದ್ದ.

"ರೀ, ಇನ್ನೂ ಆಗ್ಲಿಲ್ವಾ?" ಹೆಂಡತಿ ನೀರಿನ ಕ್ಯಾನು ಹಿಡಿದು ಗಾಡಿಯ ಮೆಟ್ಟಿಲಿಳಿದಳು. "ನಲ್ಲಿ ಯಾವ ಕಡೆ ಇದೆ ಹೇಳಿ, ತುಂಬಿಸ್ಕೊಂಡು ಬರ್ತೀನಿ."

"ಇರು, ಹೇಳ್ತೀನಿ," ಎಂದ ಅವನು, ಗೊತ್ತಿರುವ ಸಂಗತಿಯನ್ನು ನೆನಪು ಮಾಡಿಕೊಳ್ಳುವವನಂತೆ. ಅಷ್ಟರಲ್ಲಿ ಎಡಗಡೆಯ ಪೊದೆಗಳಾಚೆಯಿಂದ ಒಬ್ಬ ಹೆಂಗಸು ತುಂಬಿದ ಬಕೆಟ್ಟನ್ನು ತುಳುಕಿಸುತ್ತ ಬಂದಳು. "ಆ ದಾರೀಲೇ ಹೋಗು, ಸಿಗತ್ತೆ," ಎಂದ.

"ನಿಮಗೇನು ಬಿಡಿ, ಇಲ್ಲಿಯ ಕಲ್ಲುಮುಳ್ಳೆಲ್ಲಾ ಗೊತ್ತು," ಎಂದು ನಕ್ಕು ಅವಳು ಹೋದಳು. ಆ ನಗುವಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕಾಡಿನ ನಡುವೆ, ನೀರಿನ ದಡದಲ್ಲಿ ಕುಟುಂಬ ಸಮೇತ ಗಾಡಿ ನಿಲ್ಲಿಸಿ ಇಳಿದುಕೊಳ್ಳುವಂಥ ಜಾಗಗಳನ್ನೆಲ್ಲ ಹುಡುಕಿ, ನೋಡಿ, ಒಂದೊಂದಕ್ಕೆ ಅರ್ಧ ಪುಟ ಬರೆಯುವುದು ಅವನ ಕೆಲಸ. ಎರಡು ವರ್ಷಕ್ಕೊಮ್ಮೆ ಆ ಪುಸ್ತಕ ಹೊಸದಾಗಿ ಅಚ್ಚಾಗುತ್ತಿತ್ತು. ಗಜ ಮೀಟರುಗಳ ಗೋಜಿಲ್ಲದೆ ದೂರವನ್ನೆಲ್ಲ ಬರೆಯುವವನ ಹೆಜ್ಜೆಯಲ್ಲಿ ಹೇಳುವುದು ಆ ಪುಸ್ತಕದ ವೈಶಿಷ್ಟ್ಯ: ನಲ್ಲಿಗೆ ಇಪ್ಪತ್ತೆರಡು ಹೆಜ್ಜೆ, ನೀರಿಗೆ ಅರವತ್ತು ಹೆಜ್ಜೆ. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಓಡುವ ತಾಯಿಗೆ ಮೀಟರು ತಿಳಿಯುವುದಿಲ್ಲ, ಹೆಜ್ಜೆ ತಿಳಿಯುತ್ತದೆ ಎನ್ನುತ್ತಿದ್ದರು ಆಫೀಸಿನ ಹಿರಿಯ ಸಂಪಾದಕರು. ಅದೇ ಆಫೀಸಿನಲ್ಲಿ ಅವನ ಎದುರು ಮೇಜಿನ ಗೆಳೆಯ ಬೇರೊಂದು ಪಾಠ ಹೇಳಿಕೊಟ್ಟಿದ್ದ. "ಸ್ವಲ್ಪ ದೂರ ಅಂತ ಬರೆದ್ರೆ ಒಬ್ಬನೂ ನಂಬಲ್ಲ ಕಣಯ್ಯ, ನಲವತ್ತು ಹೆಜ್ಜೆ ಅಂತ ಬರಿ, ಊರೆಲ್ಲಾ ನಂಬತ್ತೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ, ನಾವು ಒಂದು ಕೆರೆ ಮಾಡಿದ್ರೆ ತಪ್ಪೇನು?" ಇಬ್ಬರೂ ನಕ್ಕಿದ್ದರು. ಆ ನಗುವಿಗೆ ಮೂರು ವರ್ಷವಾಗಿತ್ತು. ಈ ಸರೋವರದ ಪುಟದಲ್ಲಿ ಬರೆದಿತ್ತು: ಹದಿನಾಲ್ಕನೆಯ ಜಾಗ ಎಲ್ಲಕ್ಕಿಂತ ಉತ್ತಮ, ಬೆಳಗ್ಗೆ ಎಳೆಬಿಸಿಲು, ಮಧ್ಯಾಹ್ನ ಗಟ್ಟಿ ನೆರಳು, ಶೌಚಾಲಯಕ್ಕೆ ನಲವತ್ತು ಹೆಜ್ಜೆ, ದಡ ಮೆಲ್ಲಗೆ ಇಳಿಯುತ್ತದೆ, ಮಕ್ಕಳಿಗೆ ಯೋಗ್ಯ. ಅವನು ಇಲ್ಲಿಗೆ ಬಂದಿರಲೇ ಇಲ್ಲ. ಜಾಗದವರು ಕಳಿಸಿದ ಕರಪತ್ರದ ಪುಟ್ಟ ನಕ್ಷೆ ನೋಡಿ, ಕಾವಲುಗಾರನಿಗೆ ಒಂದು ಫೋನು ಮಾಡಿ ಬರೆದಿದ್ದ. ದಡದ ಮಾತನ್ನಂತೂ ಯಾರೂ ಹೇಳಿರಲಿಲ್ಲ. ಅದನ್ನು ಇನ್ನೊಂದು ಸರೋವರದ ಪುಟದಿಂದ ಎತ್ತಿ ಇಲ್ಲಿ ಹಾಕಿದ್ದ.

ಹೆಂಡತಿ ಅವನಿಗೆ ತಿಳಿಸದೆ ಜಾಗ ಗೊತ್ತು ಮಾಡಿದ್ದಳು. "ಊರೋರಿಗೆಲ್ಲಾ ಜಾಗ ತೋರಿಸ್ತೀರಿ, ನಮ್ಮನ್ನು ಮಾತ್ರ ಎಲ್ಲಿಗೂ ಕರ್ಕೊಂಡು ಹೋಗಲ್ಲ. ಈ ಸಲ ನಿಮ್ಮ ಪುಸ್ತಕ ನೋಡಿ ನಾನೇ ಆರಿಸಿದೀನಿ, ಹದಿನಾಲ್ಕೇ ಬೇಕು ಅಂತ ಹಟ ಮಾಡಿ ತಗೊಂಡೆ," ಎಂದು ರಸೀದಿ ತೋರಿಸಿದಾಗ ಅವನು ಹೇಳಬಹುದಿತ್ತು. ಗಾಡಿಗೆ ಹಾಸಿಗೆ ತುಂಬುವಾಗ ಹೇಳಬಹುದಿತ್ತು. ದಾರಿಯಲ್ಲಿ ಮಗಳು ನಿದ್ದೆ ಹೋದ ಆ ಒಂದು ಗಂಟೆಯಲ್ಲಂತೂ ಎರಡು ಸಲ ಬಾಯಿ ತೆರೆದು, ಎರಡು ಸಲವೂ ಪೆಟ್ರೋಲಿನ ಬಗ್ಗೆ ಮಾತಾಡಿದ್ದ. ಪುಸ್ತಕದ ಸುಳ್ಳನ್ನು ಒಪ್ಪಿಕೊಳ್ಳುವುದು ಅಷ್ಟೇನೂ ಕಷ್ಟವಿರಲಿಲ್ಲ, ಬೈದು ನಕ್ಕುಬಿಡುತ್ತಿದ್ದಳು. ಅದರ ಬೆನ್ನಿಗೇ ಬರುವ ಪ್ರಶ್ನೆಗೆ ಹೆದರಿದ್ದ. ಹಾಗಾದರೆ ಆ ನಾಲ್ಕು ದಿನ ಎಲ್ಲಿದ್ದಿರಿ?

ಆ ನಾಲ್ಕು ದಿನ ಮಗಳಿಗೆ ಜ್ವರ. ಆಗ ಅವಳಿಗೆ ಆರು ವರ್ಷ. ಕೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದುದರಿಂದ ಮನೆಯಲ್ಲಿ ಅವಳನ್ನು ಗಿಣಿ ಎಂದೇ ಕರೆಯುವುದು. ಈ ಸರೋವರ ನೋಡಿ ಬರುತ್ತೇನೆಂದು ಅವನು ಕೆಲಸದ ಮೇಲೆ ಹೊರಟ ದಿನವೇ ಅವಳ ಮೈ ಬೆಚ್ಚಗಿತ್ತು. ಮುಟ್ಟಿ ನೋಡಿದ್ದ, ಏನೂ ಇಲ್ಲ ಎಂದಿದ್ದ. ಅರ್ಧ ದಾರಿಯಲ್ಲಿ ಒಂದು ಪೇಟೆಯ ಲಾಡ್ಜಿನ ಮುಂದೆ ಬಸ್ಸು ನಿಂತಾಗ ಇಳಿದು, ಒಂದು ಕೋಣೆ ಹಿಡಿದು, ಮಲಗಿಬಿಟ್ಟ. ಹೆಣ್ಣಲ್ಲ, ಕುಡಿತವಲ್ಲ. ಸುಮ್ಮನೆ ಮಲಗಿದ. ಯಾರಿಗೂ ತಾನು ಬೇಡದೆ ಇರುವ ಒಂದು ಜಾಗ ಬೇಕು ಅನಿಸಿತ್ತು, ಆ ಕೋಣೆ ಹಾಗಿತ್ತು, ಅದರಲ್ಲಿ ಅವನಿಗೆ ಸುಖವಾಗಿತ್ತು. ಇದನ್ನು ಯಾವ ಹೆಂಡತಿಗೆ ಯಾವ ಬಾಯಿಂದ ಹೇಳುವುದು? ಸಂಜೆ ಫೋನು ಮಾಡಿದಾಗ ಮಗಳು ಒಣಗಿದ ದನಿಯಲ್ಲಿ, "ಅಪ್ಪಾ, ನಿಂಗೆ ಏನೇನು ಕಾಣ್ತಿದೆ?" ಎಂದು ಕೇಳಿದಳು. ಅವನಿಗೆ ಕಾಣುತ್ತಿದ್ದುದು ಗೋಡೆಯ ಮೇಲಿನ ತೇವದ ಕಲೆ. ಅದು ಮಲಗಿದ ನಾಯಿಯ ಹಾಗಿತ್ತು. "ನೀರಿನ ನಡುವೆ ಒಂದು ಕಲ್ಲು ಇದೆ ಪುಟ್ಟಾ, ನಾಯಿ ಮಲಗಿರೋ ಥರ. ನೀರು ಮೊಣಕಾಲಿನ ತನಕ ಅಷ್ಟೆ, ನಾನು ಈಗ ನಡ್ಕೊಂಡೇ ಹೋಗಿ ಬಂದೆ. ನಲವತ್ತು ಹೆಜ್ಜೆ," ಎಂದ. ನಾಲ್ಕು ದಿನವೂ ಆ ನಾಯಿ ಬೆಳೆಯಿತು. ಅದಕ್ಕೆ ಕಿವಿ ಬಂತು, ಬೆನ್ನ ಮೇಲೆ ಒಬ್ಬರು ಕೂರುವಷ್ಟು ಜಾಗ ಬಂತು. ಮನೆಗೆ ಬಂದ ಮೇಲೂ ಮಲಗುವ ಮುಂಚೆ ನಾಯಿಕಲ್ಲಿನ ಕತೆಯೇ ಆಗಬೇಕು. ಜ್ವರ ನೂರಾಮೂರಕ್ಕೆ ಹೋಗಿತ್ತಂತೆ. ಹೆಂಡತಿ ಒಬ್ಬಳೇ ಒದ್ದೆಬಟ್ಟೆ ಹಾಕುತ್ತ ಕೂತಿದ್ದಳಂತೆ. ನೀವು ಪಾಪ ಕಾಡಿನಲ್ಲಿದ್ದಿರಿ, ಹೇಳಿ ಏನು ಪ್ರಯೋಜನ ಅಂತ ಹೇಳಲಿಲ್ಲ ಎಂದಿದ್ದಳು.

"ನಮಸ್ಕಾರ ಸಾರ್!" ಎಂಬ ದನಿಗೆ ಅವನು ಬೆಚ್ಚಿ ಎದ್ದ. ಜೋಮು ಹಿಡಿದ ಕಾಲು ಸೋತು ಗಾಡಿಯನ್ನು ಹಿಡಿದುಕೊಳ್ಳಬೇಕಾಯಿತು. ಪಕ್ಕದ ಹದಿಮೂರನೆಯ ಜಾಗದವರು, ರೈಲು ಓಡಿಸಿ ನಿವೃತ್ತರಾದ ಮನುಷ್ಯ. ಚಡ್ಡಿ, ಬನಿಯನ್ನು, ಕಿವಿಯಲ್ಲೊಂದು ಪೆನ್ಸಿಲು. ಅವರ ಕೈಯಲ್ಲಿ ಆ ಪುಸ್ತಕವಿತ್ತು. ಅದೇ ಹಸಿರು ರಟ್ಟು. "ಇದನ್ನ ನಂಬ್ಕೊಂಡು ಬಂದ್ರಾ ನೀವೂ? ಒಳ್ಳೆ ಜೋಕು ಸಾರ್ ಇದು. ಶೌಚಾಲಯಕ್ಕೆ ನಲವತ್ತು ಹೆಜ್ಜೆ ಅಂತೆ! ಬೆಳಗ್ಗೆ ಅವಸರದಲ್ಲಿ ಎಣಿಸ್ಕೊಂಡು ಹೋದೆ. ನಲವತ್ತಾಯ್ತು, ಮರ. ಐವತ್ತಾಯ್ತು, ಮರ. ತೊಂಬತ್ತೆರಡಕ್ಕೆ ಬಾಗಿಲು ಸಿಕ್ತು. ಇದನ್ನ ಬರೆದೋನು ಒಂಟೆ ಇರ್ಬೇಕು." ಅವರು ಬಿದ್ದು ಬಿದ್ದು ನಕ್ಕರು. ಅವನೂ ನಗಬೇಕಾಯಿತು. ನಗುತ್ತಿದ್ದ ಹಾಗೇ ಗಿಣಿ ಗಾಡಿಯ ಕಿಟಕಿಯಿಂದ ತಲೆ ಹೊರಹಾಕಿ, "ಅದನ್ನ ಬರೆದಿದ್ದು ನಮ್ಮಪ್ಪ!" ಎಂದಳು. ಎಷ್ಟು ಹೆಮ್ಮೆಯಿಂದ ಎಂದರೆ ರೈಲಿನವರ ನಗು ಅರ್ಧಕ್ಕೇ ನಿಂತಿತು. ಅವರು ಪುಸ್ತಕವನ್ನೊಮ್ಮೆ, ಅವನ ಕಾಲುಗಳನ್ನೊಮ್ಮೆ ನೋಡಿದರು. "ಹಳೇ ಶೌಚಾಲಯ ಹತ್ತಿರ ಇತ್ತೇನೋ ಆಗ," ಎಂದು ಅವರೇ ದಾರಿ ಮಾಡಿಕೊಟ್ಟರು. "ಹೌದು, ಹಳೇದು ಹತ್ರಾನೇ ಇತ್ತು," ಎಂದ ಅವನು. ಕೇಳದೆಯೇ ಇನ್ನೂ ಒಂದು ಸೇರಿಸಿದ: "ನೀಲಿ ಬಾಗಿಲು ಅದಕ್ಕೆ."

ಹನ್ನೆರಡು ಗಂಟೆಗೆ ಹದಿನಾಲ್ಕನೆಯ ಜಾಗದಲ್ಲಿ ಗಟ್ಟಿ ನೆರಳಿನ ಬದಲು ಗಟ್ಟಿ ಬಿಸಿಲು ಬಿತ್ತು. ಆಚೆಯ ಜಾಗಗಳಲ್ಲಿ ಜನ ಮರದಿಂದ ಮರಕ್ಕೆ ಜೋಲಿ ಕಟ್ಟಿ ತೂಗಿಕೊಳ್ಳುತ್ತಿದ್ದರು. ಒಂದು ಕುಟುಂಬದ ಅಜ್ಜಿ ಬಾಯಿ ತೆರೆದು ಹಾಯಾಗಿ ನಿದ್ದೆ ಮಾಡುತ್ತಿದ್ದಳು. ನೀರಿನ ಕಡೆಯಿಂದ ಬರುವ ಗಾಳಿಗೆ ಒಣಗಿದ ಎಲೆಯ ವಾಸನೆ ಇತ್ತು. ಹಕ್ಕಿಯೊಂದು ಒಂದೇ ಸಮನೆ ಎರಡೇ ಸ್ವರ ಹಾಡುತ್ತಿತ್ತು. ಇದೇ ಜಾಗವನ್ನು ಒಂದು ಸಲ ಬಂದು ನೋಡಿದ್ದರೂ ಎಂಥ ಅರ್ಧ ಪುಟ ಬರೆಯಬಹುದಿತ್ತು ಎಂದು ಅವನಿಗೆ ಹೊಟ್ಟೆ ಉರಿಯಿತು, ತನ್ನ ಮೇಲೇ. ಹೆಂಡತಿ ಕುರ್ಚಿಯನ್ನು ನೆರಳಿಗೆ ಎಳೆದಳು, ನೆರಳು ಸರಿದಾಗ ಇನ್ನೊಮ್ಮೆ ಎಳೆದಳು, ಕೊನೆಗೆ ಸೆರಗನ್ನು ತಲೆಯ ಮೇಲೆ ಹೊದ್ದು ಬಿಸಿಲಲ್ಲೇ ಕೂತು ಆಲೂಗಡ್ಡೆ ಸುಲಿಯತೊಡಗಿದಳು. "ಮರ ಕಡಿದಿರ್ಬೇಕು ಅಲ್ವಾ? ಎಂಥ ಜನ," ಎಂದಳು. ಬುಡವೊಂದೂ ಅಲ್ಲಿರಲಿಲ್ಲ. ಇಲ್ಲದ ಮರವನ್ನು ಗಂಡನಿಗಾಗಿ ನೆಟ್ಟು, ಗಂಡನಿಗಾಗಿ ಕಡಿಯುತ್ತಿದ್ದ ಅವಳನ್ನು ಕಂಡು ಅವನಿಗೆ ಅಲ್ಲೇ ಕೂತು ಅತ್ತುಬಿಡೋಣ ಅನಿಸಿತು. "ಇರ್ಬೇಕು," ಎಂದ.

ಆಗ ಗಿಣಿ ಓಡಿ ಬಂದಳು. ಏದುಸಿರು, ಮುಖವೆಲ್ಲ ಕೆಂಪು. "ಅಪ್ಪಾ! ಇದೆ ಅಪ್ಪಾ! ನಾಯಿಕಲ್ಲು ಇದೆ!"

ಅವಳು ಕೈ ಹಿಡಿದು ಎಳೆದುಕೊಂಡು ಹೋದ ಕಡೆ ಮರಗಳು ಮುಗಿದು ದಡ ಶುರುವಾಗುತ್ತಿತ್ತು. ನೀರಿನಲ್ಲಿ, ಅಷ್ಟು ದೂರದಲ್ಲಿ, ನಿಜವಾಗಿಯೂ ಒಂದು ಕಲ್ಲಿತ್ತು. ಕಪ್ಪಗೆ, ಉದ್ದಕ್ಕೆ. ಇದೆಂಥ ಅನ್ಯಾಯ ಎಂದುಕೊಂಡ. ಕಲ್ಲಿಲ್ಲದಿದ್ದರೆ ಮುಳುಗಿಹೋಯಿತು ಮಗಳೇ ಎಂದು ಒಂದು ಮಾತಿನಲ್ಲಿ ಮುಗಿಸಬಹುದಿತ್ತು. ನೀರು ದಡದ ಹತ್ತಿರ ತಿಳಿಯಾಗಿತ್ತು, ತಳದ ಉರುಟುಕಲ್ಲು ಕಾಣುತ್ತಿತ್ತು. ಮುಂದೆ ಹಸಿರಾಗಿ, ಅದರಾಚೆ ಬಣ್ಣವೇ ಹೇಳಲಾಗದ ಹಾಗಿತ್ತು. ಇವಳು ಕೊಳದಲ್ಲಿ ಎರಡು ತಿಂಗಳು ಈಜು ಕಲಿತಿದ್ದಳು, ತೇಲುವ ಹಲಗೆ ಹಿಡಿದರೆ ಹತ್ತು ಕೈ ಹೋಗುತ್ತಿದ್ದಳು. ಅವನಿಗೆ ಅದೂ ಬರುತ್ತಿರಲಿಲ್ಲ. "ಈಗ್ಲೇ ಹೋಗೋಣ ಅಪ್ಪಾ. ಮೊಣಕಾಲಷ್ಟೇ ಅಲ್ವಾ?" ಎಂದಳು. "ಊಟ ಆಗ್ಲಿ," ಎಂದ. ಊಟವಾದ ಮೇಲೆ ಹೊಟ್ಟೆ ತುಂಬಿದಾಗ ನೀರಿಗಿಳಿಯಬಾರದು ಎಂದ. ಆಮೇಲೆ ಗಾಡಿಯ ಬ್ರೇಕು ನೋಡಬೇಕು ಎಂದ. "ಹೋಗಿ ಬನ್ನೀಂದ್ರೆ, ಮೂರು ವರ್ಷದಿಂದ ಕಾಯ್ತಿದಾಳೆ ಪಾಪ," ಎಂದಳು ಹೆಂಡತಿ. ಅವನು ಬೇಡವೆನ್ನಬಹುದಿತ್ತು. ಆಳ ಇರಬಹುದು ಎನ್ನಬಹುದಿತ್ತು. ನೀವೇ ನಡೆದು ಹೋಗಿದ್ದಿರಲ್ಲ ಎನ್ನುತ್ತಾರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡಾಗಿತ್ತು ಅವನದು. ಪಾತ್ರೆಗಳನ್ನು ತಾನೇ ತೊಳೆಯುತ್ತೇನೆ ಎಂದು ಬುಟ್ಟಿ ಎತ್ತಿಕೊಂಡು ನಲ್ಲಿಯ ಕಡೆ ಹೊರಟುಬಿಟ್ಟ. ಒಂದೇ ಬಾಣಲೆಯನ್ನು ಮೂರು ಸಲ ಉಜ್ಜಿದ.

ಬುಟ್ಟಿ ಹೊತ್ತು ಹಿಂತಿರುಗುವಾಗ ಮರಗಳ ಸಂದಿಯಲ್ಲಿ ಹಳದಿ ಫ್ರಾಕು ಕಂಡಿತು. ಅದರ ಹಿಂದೆ ನೀರಿತ್ತು, ಮುಂದೆಯೂ ನೀರಿತ್ತು. ಬುಟ್ಟಿ ಕೈಯಿಂದ ಬಿದ್ದು ಪಾತ್ರೆಗಳು ಸದ್ದು ಮಾಡುತ್ತ ಉರುಳಿದವು. ಅವನು ಓಡಿದ. ಹೇಳಬೇಕಾದ ಮಾತು ಅವನಿಗೆ ಗೊತ್ತಿತ್ತು: ನಿಲ್ಲು, ನಾನು ಸುಳ್ಳು ಹೇಳಿದ್ದೆ, ನಾನಿಲ್ಲಿಗೆ ಬಂದೇ ಇಲ್ಲ. ಐದಾರು ಮಾತು. ದಡದಲ್ಲಿ ಬೇರೆಯವರಿದ್ದರು, ರೈಲಿನವರು ಗಾಳ ಹಿಡಿದು ಕೂತಿದ್ದರು. ಅವನು ಬಾಯಿ ತೆರೆದಾಗ ಬಂದದ್ದು, "ಚಪ್ಪಲಿ ಹಾಕ್ಕೋ! ಕಾಲಿಗೆ ಕಲ್ಲು ಚುಚ್ಚತ್ತೆ, ಚಪ್ಪಲಿ ಹಾಕ್ಕೋ!" ಎಂಬ ಮಾತು. ಗಿಣಿ ತಿರುಗಿ ನಕ್ಕು, "ಚುಚ್ಚಲ್ಲಪ್ಪಾ!" ಎಂದು ಇನ್ನೊಂದು ಹೆಜ್ಜೆ ಮುಂದಿಟ್ಟಳು. ನೀರು ಅವಳ ಸೊಂಟಕ್ಕೆ ಬಂದಿತ್ತು. ಮಗಳು ಮುಳುಗುವ ಗಳಿಗೆಯಲ್ಲೂ ತನ್ನ ಮಾನವನ್ನೇ ಮೊದಲು ದಡ ಸೇರಿಸುವ ಮನುಷ್ಯ ತಾನು ಎಂದು ಅವನಿಗೆ ಆಗ ತಿಳಿಯಿತು. ಪ್ಯಾಂಟು, ಬೂಟುಗಳ ಸಮೇತ ನೀರಿಗಿಳಿದ.

ಅವಳ ತೋಳು ಹಿಡಿದಾಗ ನೀರು ಅವಳ ಪಕ್ಕೆಯ ತನಕ ಬಂದಿತ್ತು. ಹಿಂದಕ್ಕೆ ಕರೆದುಕೊಂಡು ಬರಬೇಕಿತ್ತು. ಆದರೆ ಅವಳು, "ಎತ್ಕೋ ಅಪ್ಪಾ, ಇನ್ನು ಸ್ವಲ್ಪಾನೇ," ಎಂದು ಕುತ್ತಿಗೆಗೆ ಜೋತುಬಿದ್ದಳು. ದಡದಿಂದ ಹೆಂಡತಿ ಕೈ ಬೀಸುತ್ತಿದ್ದಳು. ಅವನು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮುಂದೆ ನಡೆದ. ಪ್ರತಿ ಹೆಜ್ಜೆಗೂ ಬೂಟಿನ ತುದಿಯಿಂದ ತಳವನ್ನು ತಡವುತ್ತಿದ್ದ, ಗಟ್ಟಿ ಸಿಕ್ಕಿದ ಮೇಲೆಯೇ ಭಾರ ಬಿಡುತ್ತಿದ್ದ. ನೀರು ಸೊಂಟಕ್ಕೆ ಬಂತು. ಹೊಟ್ಟೆಗೆ ಬಂತು. ಒಂದು ಕಡೆ ತಳ ಒಮ್ಮೆಲೇ ಕುಸಿದು ನೀರು ಎದೆಗೆ ಬಡಿಯಿತು. ಅವನ ಬಾಯಿಂದ ಮಗುವಿನ ಹಾಗೆ ಒಂದು ಸದ್ದು ಹೊರಟಿತು. ಹೆಗಲ ಮೇಲಿನ ಕಾಲುಗಳು ಬಿಗಿದವು. ಆಮೇಲೆ ತಳ ಮೇಲೇರಿತು, ಕಲ್ಲು ಸಿಕ್ಕಿತು.

ಹತ್ತಿರದಿಂದ ಅದು ಒಂದು ಕಲ್ಲಲ್ಲ, ಒಂದಕ್ಕೊಂದು ಒರಗಿದ ಎರಡು ಬಂಡೆ. ಮೇಲೆ ಪಾಚಿ, ಹಕ್ಕಿಗಳ ಹಿಕ್ಕೆ. ಅವಳನ್ನು ಕೂರಿಸಿ ತಾನೂ ಹತ್ತಿ ಕೂತ. ಗಿಣಿ ಕಲ್ಲನ್ನು ಈ ತುದಿಯಿಂದ ಆ ತುದಿಗೆ ನೋಡಿದಳು.

"ಇದು ನಾಯಿ ಥರ ಇಲ್ವಲ್ಲ ಅಪ್ಪಾ."

"ದೂರದಿಂದ ನೋಡಿದ್ರೆ..."

"ದೂರದಿಂದ್ಲೂ ಇರ್ಲಿಲ್ಲ. ನೀನು ಹೇಳಿದ್ದೆ ಅಂತ ನಾನೇ ನಾಯಿ ಅಂದ್ಕೊಂಡೆ." ಬಂದ ದಾರಿಯ ನೀರನ್ನು ತಿರುಗಿ ನೋಡಿದಳು. "ಮೊಣಕಾಲು ಅಂದಿದ್ದೆ ನೀನು."

ಈ ವರ್ಷ ನೀರು ಜಾಸ್ತಿಯಾಗಿದೆ ಎಂಬ ಮಾತು ನಾಲಿಗೆಯ ತುದಿಗೆ ಸಿದ್ಧವಾಗಿ ಬಂದು ನಿಂತಿತು. ಅದು ಎಷ್ಟು ಬೇಗ ಬಂತೆಂದು ಅವನಿಗೇ ಅಸಹ್ಯವಾಯಿತು. ನುಂಗಿಕೊಂಡ.

"ನೀನು ಇಲ್ಲಿಗೆ ಬಂದೇ ಇರ್ಲಿಲ್ವಾ?"

"ಇಲ್ಲ."

"ಹಾಗಾದ್ರೆ ನಂಗೆ ಜ್ವರ ಬಂದಾಗ ಎಲ್ಲಿದ್ದೆ?"

"ಒಂದು ರೂಮಲ್ಲಿ."

"ಏನ್ ಮಾಡ್ತಿದ್ದೆ?"

"ಮಲಗಿದ್ದೆ."

"ನಿಂಗೂ ಜ್ವರ ಬಂದಿತ್ತಾ?"

ಹೂಂ ಎನ್ನುವುದು ಎಷ್ಟು ಸುಲಭವಿತ್ತು. ಅವಳೇ ಬಾಗಿಲು ತೆಗೆದು ಹಿಡಿದಿದ್ದಳು. "ಇಲ್ಲ ಪುಟ್ಟಾ," ಎಂದ. ಅವಳು ಅಳುತ್ತಾಳೆ ಎಂದುಕೊಂಡಿದ್ದ. ಅಳಲಿಲ್ಲ. ಕಾಲಿನಿಂದ ನೀರು ಚಿಮ್ಮಿಸುತ್ತ ಕೂತಿದ್ದು, ಆಮೇಲೆ ದೊಡ್ಡವರ ಹಾಗೆ ಅವನ ಒದ್ದೆ ಮಂಡಿಯ ಮೇಲೆ ಕೈಯಿಟ್ಟಳು. "ಅಮ್ಮಂಗೆ ಹೇಳಲ್ಲ ಬಿಡು," ಎಂದಳು. ಆ ಮಾತು ಕೇಳಿ ಅವನಿಗೆ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ನಾಚಿಕೆಯೂ ಆಯಿತು. ಆದರೆ ಹಾಯೆನಿಸಿದ್ದು ಮೊದಲು.

ದಡಕ್ಕೆ ಬಂದಾಗ ಹೆಂಡತಿ ಟವೆಲ್ ಬಿಡಿಸಿಕೊಂಡು ನಿಂತಿದ್ದಳು. ರೈಲಿನವರೂ ಗಾಳ ಬದಿಗಿಟ್ಟು ಹತ್ತಿರ ಬಂದಿದ್ದರು. ಬೆಳಗಿನ ಮಾತಿಗೆ ಅವರಿಗೇ ಮುಜುಗರವಾಗಿತ್ತೇನೋ. "ದಡದ ಬಗ್ಗೆ ಸಾರ್ ಬರೆದಿದ್ದು ಸರಿ ಇದೆ ಮೇಡಂ, ನಡ್ಕೊಂಡೇ ಹೋಗಿ ಬಂದ್ರಲ್ಲ," ಎಂದು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಏನೋ ಬರೆದುಕೊಂಡರು. ಅವರ ಮೊಮ್ಮಕ್ಕಳೂ ಮರುದಿನ ಬರುವವರಿದ್ದರು. ಹೆಂಡತಿ ಮಗಳ ತಲೆ ಒರೆಸುತ್ತ, "ಹೇಗಿತ್ತೇ ನಿನ್ನ ನಾಯಿಕಲ್ಲು? ಅಪ್ಪ ಹೇಳಿದ ಹಾಗೇ ಇತ್ತಾ?" ಎಂದಳು.

"ಹೂಂ. ಅಪ್ಪ ಹೇಳಿದ ಹಾಗೇ ಇತ್ತು. ಕಿವೀನೂ ಇತ್ತು." ದನಿ ಎಲ್ಲೂ ನಡುಗಲಿಲ್ಲ. ಟವೆಲಿನೊಳಗಿನಿಂದ ಅವನ ಕಡೆ ಒಂದು ಸಲ ನೋಡಿ, ಇಷ್ಟು ಸಾಲದು ಅನಿಸಿತೋ ಏನೋ, ಮುಂದುವರಿಸಿದಳು. "ಕಲ್ಲಿನ ಹಿಂದೆ ಬಾತುಕೋಳಿ ಇದ್ವು ಅಮ್ಮಾ. ಏಳು. ನಾನೇ ಎಣಿಸ್ದೆ. ಒಂದಕ್ಕೆ ಒಂದೇ ಕಣ್ಣು."

"ಅಯ್ಯೋ ಪಾಪ, ಒಂದೇ ಕಣ್ಣಾ?" ಎಂದಳು ಹೆಂಡತಿ. ಪೂರ್ತಿ ನಂಬಿದ್ದಳು.

ಅವನ ಪ್ಯಾಂಟಿನಿಂದ ನೀರು ಬೂಟಿಗೆ ಇಳಿಯುತ್ತಿತ್ತು. ಏಳು. ಆರಲ್ಲ, ತುಂಬಾ ಅಲ್ಲ, ಏಳು. ಇದನ್ನು ಅವಳಿಗೆ ಯಾರೂ ಕೂರಿಸಿಕೊಂಡು ಕಲಿಸಿರಲಿಲ್ಲ. ಮೂರು ವರ್ಷ ದಿನವೂ ಹಾಸಿಗೆಯ ಅಂಚಿನಲ್ಲಿ ಕೂತು ಕತೆ ಹೇಳಿದವನಿಂದ ಕೇಳಿ ಕೇಳಿ ಬಂದಿತ್ತು. ಒಂಬತ್ತು ವರ್ಷದ ಹುಡುಗಿ ಅಪ್ಪನಿಗಿಂತ ಚೆನ್ನಾಗಿ ಹೇಳಿದ್ದಳು.

"ಬಾತುಕೋಳಿ ಇರ್ಲಿಲ್ಲ," ಎಂದ.

ಟವೆಲಿನೊಳಗೆ ಗಿಣಿಯ ತಲೆ ಅಲುಗಾಡದೆ ನಿಂತಿತು. ಕೊಟ್ಟ ಮಾತನ್ನು ಉಳಿಸಿಕೊಂಡದ್ದಕ್ಕೆ ಎಲ್ಲರೆದುರು ಮಾನ ಹೋದವಳ ಹಾಗೆ ಅವನನ್ನು ನೋಡಿದಳು. ಆ ನೋಟವನ್ನು ತಾನು ಬಹಳ ವರ್ಷ ನೋಡಬೇಕಾಗುತ್ತದೆ ಎಂದು ಅವನಿಗೆ ಗೊತ್ತಾಯಿತು.

"ನೀರು ನನ್ನ ಎದೆ ತನಕ ಬಂತು, ಮಕ್ಕಳು ಹೋಗೋ ಜಾಗ ಅಲ್ಲ ಅದು," ಎಂದು ರೈಲಿನವರಿಗೆ ಹೇಳಿದ. "ಅಲ್ಲಿ ಬರೆದಿರೋದನ್ನ ಹೊಡೆದುಹಾಕಿ." ಆಮೇಲೆ ಹೆಂಡತಿಯ ಕಡೆ ತಿರುಗಿದ. ಅವಳ ಮುಖ ಬಿಸಿಲಿಗೆ ಒಂದು ಕಡೆ ಕಂದಿತ್ತು. "ಬಾತುಕೋಳಿ ಇರ್ಲಿಲ್ಲ. ಆ ನಾಲ್ಕು ದಿನ ನಾನೂ ಇಲ್ಲಿ ಇರ್ಲಿಲ್ಲ."

ರೈಲಿನವರು ಪುಸ್ತಕ ಮುಚ್ಚಿ, ಗಾಳವನ್ನೂ ಅಲ್ಲೇ ಬಿಟ್ಟು ತಮ್ಮ ಜಾಗಕ್ಕೆ ಹೋದರು. ಹೆಂಡತಿ ನಿಂತಿದ್ದ ಕೈಯನ್ನು ಮತ್ತೆ ಆಡಿಸಿ ಮಗಳ ಕೂದಲನ್ನು ತುದಿಯ ತನಕ ಒರೆಸಿ ಮುಗಿಸಿದಳು. "ಹೋಗು ಪುಟ್ಟಾ, ಒಳಗೆ ಹೋಗಿ ಬಟ್ಟೆ ಬದಲಾಯಿಸ್ಕೋ," ಎಂದಳು. ಗಾಡಿಯ ಬಾಗಿಲು ಹಾಕಿಕೊಂಡ ಸದ್ದು ಕೇಳುವ ತನಕ ಕಾದಳು. ಆಮೇಲೆ ಒದ್ದೆ ಟವೆಲನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡು ದಡದ ಕಲ್ಲಿನ ಮೇಲೆ ಕೂತಳು.

"ನೂರಾಮೂರು ಇತ್ತು ಅವತ್ತು," ಎಂದಳು. "ಈಗ ಹೇಳಿ."